ಉನ್ ಮತ್ತು ಉನಾ

ಅನಂತಪುರದ ನಮ್ಮ ನೆರೆಮನೆಯವರು ಯುದ್ಧದಲ್ಲಿ ಇಟಲಿಯವರಿಗೆ ಸೆರೆಸಿಕ್ಕಿ, ಅವರ ಭಾಷೆ ಕಲಿತು ಮರಳಿದ್ದ ಸಿಪಾಯಿ. ಜಗಲಿಗೆ ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು.

"ನಮ್ಮಲ್ಲಿ ಒಬ್ಬ, ಒಬ್ಬಳು ಉಂಟಲ್ಲ, ಹಾಗೆಯೇ. ಗಂಡಿಗೆ ಉನ್, ಹೆಣ್ಣಿಗೆ ಉನಾ. ಗೊತ್ತಾಯ್ತಾ ಮಾರಾಯ?" ಎಂದು ಬೆರಳೆತ್ತುತ್ತಿದ್ದರು. ಒಳಗೆ ತೆಂಗಿನಕಾಯಿ ತುರಿಯುವ ಹೆಂಡತಿಗೂ ಅದು ಬಾಯಿಪಾಠವಾಗಿತ್ತು.

ಸೆರೆಯಿಂದ ತಪ್ಪಿಸಿಕೊಂಡಾಗ ತನ್ನನ್ನು ದನದ ಹಟ್ಟಿಯಲ್ಲಿ ಅಡಗಿಸಿ ರೊಟ್ಟಿ ಕೊಟ್ಟದ್ದು "ಉನ್ ಕೊಂತಾದೀನೊ", ಅಂದರೆ ಒಬ್ಬ ರೈತ, ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಒಂದು ಸಂಜೆ ನನ್ನೆದುರು ಕಥೆಯ ಭರದಲ್ಲಿ "ಉನಾ ಕೊಂತಾದೀನಾ" ಎಂದುಬಿಟ್ಟರು.

ತುರಿಯುವ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದರು.

"ವ್ಯಾಕರಣ ತಪ್ಪಿತು ಮಾರಾಯ್ತಿ," ಎಂದು ಅವರು ತೊದಲಿದರು.

"ತಪ್ಪಿದ್ದಲ್ಲ. ಇಷ್ಟು ವರ್ಷದಲ್ಲಿ ಇವತ್ತೇ ಸರಿಯಾದದ್ದು," ಎಂದರು ಆಕೆ.