ಒಂದೇ ಡಬ್ಬಿ ಕಾಡತೂಸು

ನನಗಾಗ ಹದಿನಾರು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಮೊನ್ನೆ ಮೊಮ್ಮಗಳು ನನ್ನ ಸೂಜಿ ಇಡುವ ಹಿತ್ತಾಳೆಯ ಕೊಳವೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ, "ಆಯಿ, ಇದು ಯಾರ ಲಿಪ್‌ಸ್ಟಿಕ್ ಡಬ್ಬಿ?" ಎಂದಳು. ಕಸಿದುಕೊಂಡು ಮೂಸಿ ನೋಡಿದೆ. ಸುಟ್ಟ ಮದ್ದಿನ ವಾಸನೆ ಇನ್ನೂ ಇದ್ದಂತೆ ಅನಿಸಿತು... ಇರಲಿಕ್ಕಿಲ್ಲ. ಅದು ಬಂದೂಕಿನ ಖಾಲಿ ಕಾಡತೂಸು. ನಾವೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಬಾಜೂಮನೆಯವಳದು.

ಕಾಕುವಿನ ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಕುಲಗೋಡದಲ್ಲಿ ಹಳ್ಳದ ದಂಡೆಗೆ ಅವಳ ಕಬ್ಬಿನ ಹೊಲ. ಕಾಡುಹಂದಿಗಳು ಎರಡು ವರ್ಷದ ಬೆಳೆ ಕೆಡವಿ ತಿಂದಿದ್ದವು. ಅವಳ ಮೈದುನ ಹಿರಿಯರನ್ನು ಕೂಡಿಸಿ, ಈ ವರ್ಷವೂ ಕಬ್ಬು ಮನೆಗೆ ಬರದಿದ್ದರೆ ಹೊಲವನ್ನು ತಾನೇ ಮಾಡುತ್ತೇನೆ ಎಂದ. ಹಿರಿಯರು ಗೋಣು ಹಾಕಿದರು. ಅವನ ಕೈಗೆ ಹೋದ ಹೊಲ ತಿರುಗಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಕಾಕು ಜಗಳವಾಡಲಿಲ್ಲ. ಮಾಮಲೇದಾರರ ಕಚೇರಿಗೆ ಅಲೆದಲೆದು ಬಂದೂಕಿನ ಲೈಸನ್ಸು ತಂದಳು.

ದೊಡ್ಡ ಯುದ್ಧ ಮುಗಿದಿತ್ತು. ಮಿಲಿಟರಿಯವರು ಬೇಡವೆಂದು ಬಿಟ್ಟ ಬಂದೂಕುಗಳು ಗೋಕಾಕದ ಒಂದು ಅಂಗಡಿಗೆ ಬಂದಿದ್ದವು. ಕಾಕು ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋದಳು. ಅಂಗಡಿಯವನು ಮೂರು ಬಂದೂಕು ತೆಗೆದಿಟ್ಟ. ಒಂದು ಗಿಡ್ಡ, ಒಂದು ಎಣ್ಣೆ ಹಚ್ಚಿ ಮಿಂಚುವುದು, ಇನ್ನೊಂದು ಉದ್ದನೆಯದು, ಅವನ ಅಜ್ಜನಷ್ಟು ಹಳೆಯದು. ಪ್ರತಿಯೊಂದರ ಮುಂದೆ ಅದರದರ ಕಾಡತೂಸು ಇಟ್ಟ. ಹಳೆಯದರ ಕಾಡತೂಸು ಹೆಬ್ಬೆರಳಿನಷ್ಟು ದಪ್ಪ.

"ಈ ಗಿಡ್ಡಂದು ಹಗುರ ಐತ್ರಿ. ಹೆಣ್ಣಮಕ್ಕಳಿಗೆ ಛಲೋ ಆಗ್ತೈತಿ," ಎಂದ.

"ಮೂರರಾಗ ಸಪ್ಪಳಾ ಯಾವದು ಹೆಚ್ಚ ಮಾಡ್ತೈತಿ?" ಎಂದು ಕಾಕು ಕೇಳಿದಳು.

ಕುಳಿತಿದ್ದ ಗಿರಾಕಿಗಳು ನಕ್ಕರು. ಒಬ್ಬ, "ಸಪ್ಪಳಾ ಬೇಕಂದ್ರ ಪಟಾಕಿ ಒಯ್ರಿ, ಕಾಕು," ಎಂದ.

"ಪಟಾಕಿಗೆ ಹಂದಿ ಅಂಜೂದಿಲ್ಲೋ ತಮ್ಮಾ. ನನ್ನ ಮೈದುನಾನೂ ಅಂಜೂದಿಲ್ಲ."

"ಹಂದಿ ಹೊಡಿಯಾಕ ಗುರಿ ನೋಡಬೇಕ್ರಿ," ಎಂದ ಅಂಗಡಿಯವನು.

"ಕೊರಳಾಗ ಲಿಂಗ ಐತಿ. ನಾ ಕೊಲ್ಲಾಕ ಒಯ್ಯಾಕತ್ತಿಲ್ಲ, ಕೇಳಸಾಕ ಒಯ್ಯಾಕತ್ತೇನಿ."

ಊರ ಹೊರಗೆ ಹೊಳೆಯ ದಂಡೆಗೆ ಹೋದೆವು. ಮೊದಲಿನ ಎರಡನ್ನು ಅಂಗಡಿಯವನು ಹಾರಿಸಿದ. ಕಾಕು ಮುಖ ಸಿಂಡರಿಸಿದಳು. ಹಳೆಯದನ್ನು ತಾನೇ ಹಾರಿಸಿದಳು. ಆಚೆ ದಂಡೆಯ ಬಂಡೆಗಳೆಲ್ಲ ಗುಡುಗಿದವು. ಅದು ಒದ್ದ ರಭಸಕ್ಕೆ ಕಾಕು ಕುಂಡಿಯ ಮೇಲೆ ಕೂತಳು. ಎದ್ದು ಸೀರೆ ಝಾಡಿಸಿ, "ಇದನ್ನ ಕೊಡ್ರಿ," ಎಂದಳು.

"ಬ್ಯಾಡ್ರಿ ಅವ್ವಾರ. ಇದರ ಕಾಡತೂಸು ಮಾಡೂದ ಬಿಟ್ಟಾರ. ನನ್ನ ಕಡೆ ಇರೂದ ಇದೊಂದ ಡಬ್ಬಿ. ತೀರಿತಂದ್ರ ಇದು ಬರೇ ಕೋಲು."

"ತೀರಿದ್ದು ನನಗ ಗೊತ್ತಿರ್ತೈತಿ. ಊರಿಗೆ ಯಾರ ಹೇಳ್ತಾರ?"

ಆ ವರ್ಷ ಹೊತ್ತು ಮುಳುಗುವಾಗ ಒಡ್ಡಿನ ಮೇಲೆ ನಿಂತು ಆಗೊಮ್ಮೆ ಈಗೊಮ್ಮೆ ಹಾರಿಸಿದಳು. ಹಂದಿಗಳು ಹಳ್ಳ ದಾಟಿ ಹೋದವು. ಮೈದುನ ಒಡ್ಡಿನ ಕಡೆ ಬರುವುದನ್ನೇ ಬಿಟ್ಟ. ಕಬ್ಬು ಗಾಣಕ್ಕೆ ಬಂತು, ಹೊಲ ಉಳಿಯಿತು. ಅಷ್ಟರಲ್ಲಿ ಡಬ್ಬಿಯೂ ತೀರಿತು. ಕೊನೆಯ ಕೊಳವೆಯನ್ನು ನನ್ನ ಕೈಗಿಟ್ಟು, "ಸೂಜಿ ಇಟ್ಟಕೋ. ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ," ಎಂದಳು.

ಬಿಡಲಿಲ್ಲ. ನನ್ನನ್ನು ಅದೇ ಊರಲ್ಲಿ ಕೊಟ್ಟರು, ಮಕ್ಕಳಾದವು. ಹಂದಿ ಬಂದರೆ ಕಾಕು ಮತ್ತು ನಾನು ತಗಡು ಬಡಿದು ಓಡಿಸುತ್ತಿದ್ದೆವು. ಆದರೆ ದಿನಾ ಮುಂಜಾನೆ ಅವಳು ಆ ಬಂದೂಕನ್ನು ಹೆಗಲಿಗೇರಿಸಿ ಮೈದುನನ ಕಟ್ಟೆಯ ಮುಂದೆಯೇ ಹಾದು ಹೊಲಕ್ಕೆ ಹೋಗುತ್ತಿದ್ದಳು. ಅವನು ಕಾಲು ಮಡಚಿ ದಾರಿ ಬಿಡುತ್ತಿದ್ದ...

ಕಾಕು ಸತ್ತು ಎಷ್ಟೋ ವರ್ಷವಾಯಿತು. ಅವಳಂಥವಳು ಮತ್ತೆ ಸಿಗಲಿಲ್ಲ. ಮೊಮ್ಮಗಳು ತಿಕ್ಕಿದ ಕೊಳವೆಯಲ್ಲಿ ಈಗ ಹುಣಸೆಹಣ್ಣಿನ ವಾಸನೆಯಷ್ಟೇ. ಕಾಕುವನ್ನು ಮಣ್ಣು ಮಾಡಿದ ಮೇಲೆ ಪೊಲೀಸರು ಬಂದು ಬಂದೂಕು ಒಯ್ದಿದ್ದರು. ಹೊಲವನ್ನು ಅವಳು ನನ್ನ ಹೆಸರಿಗೆ ಮಾಡಿಸಿದ್ದಳು. ಮೈದುನ ಕಟ್ಟೆಯ ಮೇಲಿಂದಲೇ, "ಬಂದೂಕ ಹೋತು. ಇನ್ನ ಹೊಲಾ ಹೆಂಗ ಕಾಯ್ತಿ, ನೋಡೂಣು," ಎಂದ.

"ಇಷ್ಟ ವರ್ಷ ಅದರಾಗ ಗುಂಡ ಎಲ್ಲಿತ್ತು ಕಾಕಾ? ನೀ ಅಂಜಿದ್ದು ಕಾಕುಗ," ಎಂದೆ.

ಮರುದಿನ ಮುಂಜಾನೆ ಸಲಿಕೆಯನ್ನು ಹೆಗಲಿಗೇರಿಸಿ ಅವನ ಕಟ್ಟೆಯ ಮುಂದೆಯೇ ಹೋದೆ. ಕಬ್ಬಿಗೆ ನೀರು ಬಿಟ್ಟೆ.