ಬಾಣಂತಿ ಕೋಣೆಯ ಕಿಟಕಿ

ಮೊನ್ನೆ ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯಿಂದ ಲೋಬಾನದ ಹೊಗೆಯ ವಾಸನೆ ಬಂತು. ಅಲ್ಲಿ ಹಸುಗೂಸಿಗೆ ಎರೆದು ಹೊಗೆ ಹಾಕುತ್ತಿದ್ದರು. ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಟ್ಟೆ. ಜಗಳೂರಿನ ತವರುಮನೆಯಲ್ಲಿ ನನಗೂ ನನ್ನ ಮಗಳಿಗೂ ನೀರು ಎರೆದ ಎದುರು ಮನೆಯ ಅಜ್ಜಿ ನೆನಪಾದಳು…

ಹೆರಿಗೆಯಾದ ಕೆಲವೇ ದಿನಕ್ಕೆ ನನ್ನ ಕೆಮ್ಮು ಟಿಬಿ ಎಂದು ಗೊತ್ತಾಯಿತು. ಮನೆಯಲ್ಲೇ ಇದ್ದು ಮಾತ್ರೆ ನುಂಗಬೇಕು, ಮಾಸ್ಕ್ ಹಾಕಿಕೊಂಡೇ ಹಾಲು ಕುಡಿಸಬೇಕು, ಕೋಣೆಯಲ್ಲಿ ಗಾಳಿ ಆಡಬೇಕು ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದರು. ಮಗುವಿಗೂ ರೋಗ ಬಾರದಂತೆ ಔಷಧಿ ಕೊಟ್ಟರು. ಅವ್ವ ಎಲ್ಲದಕ್ಕೂ ತಲೆಯಾಡಿಸಿ ಮನೆಗೆ ಬಂದು, ನನ್ನ ತಟ್ಟೆ ಲೋಟ ಬೇರೆ ಇಟ್ಟು, ಕಿಟಕಿಯನ್ನು ಭದ್ರವಾಗಿ ಮುಚ್ಚಿದಳು. ಬಾಣಂತಿಗೆ ಗಾಳಿ ಸೋಕಬಾರದಲ್ಲ! ಅದಕ್ಕಿಂತ ಹೆಚ್ಚಾಗಿ, ಬೀದಿಗೆ ಕೆಮ್ಮು ಕೇಳಬಾರದು. ನನಗೂ ನಾಚಿಕೆ. ಆ ಕತ್ತಲೆಯಲ್ಲಿ ಮಗಳ ಪಕ್ಕ ಮಲಗಿ, ಬಾಯಿಗೆ ಸೆರಗು ಒತ್ತಿ ಕೆಮ್ಮುತ್ತಿದ್ದೆ.

ಮಾಸ್ಕ್ ಕಂಡು ಅಜ್ಜಿಗೆ ಅನುಮಾನ ಬಂತು. ಕೇಳಿದಳು, ಅತ್ತು ಹೇಳಿಬಿಟ್ಟೆ. ಇನ್ನು ಈಕೆ ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡೆ. ಅವಳು ಎದ್ದು ಹೋಗಿ ಕಿಟಕಿ ತೆರೆದಳು.

ಅವ್ವ ಓಡಿ ಬಂದಳು. “ಥಂಡಿ ಆಗ್ತೈತೆ ಅಜ್ಜಿ, ಮುಚ್ಚು.”

“ಥಂಡಿಗೆ ಕಂಬಳಿ ಹೊದಿಸು. ಕೂಸಿಗೆ ಉಸಿರಾಡಾಕೆ ಗಾಳಿ ಬ್ಯಾಡೇನು?”

ಅಂದಿನಿಂದ ಹೊಗೆ ಹಾಕುವುದು ನಿಂತಿತು. ಮಗು ಹಗಲೆಲ್ಲ ಅಜ್ಜಿಯ ಜಗಲಿಯಲ್ಲಿ, ಹಾಲಿಗೆ ಮಾತ್ರ ನನ್ನ ಹತ್ತಿರ. ತೆರೆದ ಕಿಟಕಿಯಿಂದ ಕೆಮ್ಮು ಬೀದಿಗೆಲ್ಲ ಕೇಳಿತು, ಸುದ್ದಿಯೂ ಹಬ್ಬಿತು. ಆದರೆ ಏಟು ಬಿದ್ದದ್ದು ಅಜ್ಜಿಗೆ. ಟಿಬಿಯವರ ಮನೆಗೆ ಹೋಗಿಬರುತ್ತಾಳೆ ಎಂದು ಒಬ್ಬೊಬ್ಬರೇ ಅವಳನ್ನು ಬಾಣಂತಿಯರಿಗೆ ಎರೆಯಲು ಕರೆಯುವುದು ಬಿಟ್ಟರು. ಅವಳ ಹೊಟ್ಟೆ ಹೊರೆಯುತ್ತಿದ್ದದ್ದೇ ಆ ಕೆಲಸ.

“ಈ ಕೈಗೂ ಪುರುಸೊತ್ತು ಬೇಕಿತ್ತು ಬಿಡವ್ವ,” ಎಂದು ನನ್ನೆದುರು ನಕ್ಕಳು.

ನಾನು ಗುಣವಾದೆ. ಮಗಳಿಗೆ ಏನೂ ಆಗಲಿಲ್ಲ. ಅಜ್ಜಿಯನ್ನೂ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು, ರೋಗವಿರಲಿಲ್ಲ.

ಮುಂದೆ ತಂಗಿಯ ಬಾಣಂತನ ಬಂತು. ಅವ್ವ ಬೇರೆ ಓಣಿಯಿಂದ ಒಬ್ಬಾಕೆಯನ್ನು ಗೊತ್ತು ಮಾಡಿದಳು. ಯಾಕೆ ಎಂದದ್ದಕ್ಕೆ, “ಬೀಗರು ಏನಂದುಕೊಂತಾರೆ?” ಎಂದಳು. ನಾನು ಹೂಂ ಎಂದು ತಂಗಿಯ ಕೂಸನ್ನು ಎತ್ತಿಕೊಂಡೆ. ಎದುರಿನ ಜಗಲಿಯಲ್ಲಿ ಅಜ್ಜಿ ಕೂತೇ ಇದ್ದಳು…

ಹೋದ ವರ್ಷ ಅವಳು ತೀರಿಕೊಂಡಳು. ಮಗಳೀಗ ಶಾಲೆಗೆ ಹೋಗುತ್ತಾಳೆ, ನಿನಗೆ ಎರೆದ ಅಜ್ಜಿ ಎಂದರೆ ಯಾವ ಅಜ್ಜಿ ಎಂದು ಕೇಳುತ್ತಾಳೆ. ಉತ್ತರ ಹೇಳಲು ಹೊರಟರೆ ನಾಚಿಕೆಯಿಂದ ತಲೆ ತಗ್ಗುತ್ತದೆ. ಅಂದು ತಂಗಿಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ಟಿಬಿ ಬಂದು ಹೋದ ನಾನು. ಆ ರೋಗವೇ ಬಾರದ ಅಜ್ಜಿಯನ್ನು ಒಳಗೆ ಬಾ ಎಂದು ನಮ್ಮ ಮನೆಯಲ್ಲಿ ಯಾರೂ ಕರೆಯಲಿಲ್ಲ.