ರೆಡಿಮೇಡ್ ಕಂಪನಿಯಲ್ಲಿ ನನ್ನದೊಂದು ಪಾಲು

ಸಿದ್ದಾಪುರದ ಪೇಟೆ ಓಣಿಯೊಂದರಲ್ಲಿ, ಹತ್ತಡಿ ಅಗಲದ ಬಾಡಿಗೆ ಅಂಗಡಿಯಲ್ಲಿ ಕೂತು ಪ್ಯಾಂಟು ಹೊಲಿಯುವ ನಾನು ಐವತ್ತೆರಡು ಕಂಪನಿಗಳ ಮಾಲೀಕ ಎಂದರೆ ನೀವು ನಗಬಹುದು. ಪೂರ್ತಿ ಮಾಲೀಕನಲ್ಲ. ಒಂದೊಂದರಲ್ಲೂ ಗುಂಡಿಯ ತೂತಿನಷ್ಟು ಪಾಲು. ಆದರೂ ಮಾಲೀಕ ಮಾಲೀಕನೇ. ಕೋಲಸಿರ್ಸಿಯ ನನ್ನ ಮನೆಯಿಂದ ಪೇಟೆಗೆ ಬರುವಾಗ ಎದುರಿಗೆ ಸಿಮೆಂಟಿನ ಲಾರಿ ಬಂದರೆ ಈಗ ಬೈಯುವುದಿಲ್ಲ, ಗಾಡಿ ಬದಿಗೆ ತಗೊಂಡು ದಾರಿ ಬಿಡುತ್ತೇನೆ. ನಮ್ಮದೇ ಇದ್ದರೂ ಇರಬಹುದು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಾನು ಬಿಟ್ಟೆನೇ ಹೊರತು ಶಾಲೆ ನನ್ನನ್ನು ಬಿಡಲಿಲ್ಲ. ಅದೇ ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಯೂನಿಫಾರ್ಮ್ ಹೊಲಿದೆ. ಜೂನ್ ಬಂತೆಂದರೆ ತಾಯಂದಿರು ಮಕ್ಕಳ ಕೈ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಎಲ್ಲರದೂ ಒಂದೇ ಮಾತು: "ಮೂರು ವರ್ಷ ಬರಬೇಕು ನೋಡಿ." ನಾನು ಚಡ್ಡಿಯ ಅಂಚಿನಲ್ಲಿ ಎರಡಿಂಚು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದೆ. ಮಗು ಬೆಳೆದಂತೆ ಒಂದೊಂದೇ ಹೊಲಿಗೆ ಬಿಚ್ಚಿದರಾಯಿತು. ಇವತ್ತು ಕಾಣಿಸದ, ನಾಳೆಗೆ ಬೇಕಾಗುವ ಬಟ್ಟೆ ಅದು. ಉಳಿತಾಯ ಎಂದರೆ ಏನೆಂದು ನನಗೆ ಬ್ಯಾಂಕಿನವರು ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಬಳಿ ಅಳತೆಯ ಪುಸ್ತಕಗಳು ಹನ್ನೊಂದಿವೆ. ಬೇಸರವಾದಾಗ ಹಳೆಯದೊಂದನ್ನು ತೆಗೆದು ಓದುತ್ತೇನೆ. ಇವರ ಮದುವೆಯ ಸಫಾರಿ, ಅವರ ಮೊದಲ ಪ್ಯಾಂಟು. ಅಷ್ಟೂ ಪುಸ್ತಕ ತಿರುವಿ ಹಾಕಿ ಕಂಡುಕೊಂಡ ಒಂದು ಸತ್ಯವನ್ನು ನಿಮಗೆ ಪುಕ್ಕಟೆ ಹೇಳುತ್ತೇನೆ: ಅಡಿಕೆ ದರ ಏರಿ ಇಳಿದಿದೆ, ಬಂಗಾರವೂ ಒಮ್ಮೊಮ್ಮೆ ಇಳಿದಿದೆ, ಗಂಡಸರ ಸೊಂಟ ಮಾತ್ರ ಈ ತಾಲ್ಲೂಕಿನಲ್ಲಿ ಒಂದು ವರ್ಷವೂ ಇಳಿದದ್ದಿಲ್ಲ.

ಆಗೆಲ್ಲ ಸಂಜೆಯಾದರೆ ಪಿಗ್ಮಿ ಗಣಪತಿ ಬರುತ್ತಿದ್ದ. ಸೊಸೈಟಿಯ ಪರವಾಗಿ ಅಂಗಡಿ ಅಂಗಡಿ ತಿರುಗಿ ದಿನದ ಉಳಿತಾಯ ಎತ್ತುವವನು, ಹೆಗಲಿಗೆ ಒಂದು ಚೀಲ, ಕಿವಿಯ ಸಂದಿಯಲ್ಲಿ ಒಂದು ಪೆನ್ನು. ನಾನು ಹತ್ತು ರೂಪಾಯಿ ಕೊಡುತ್ತಿದ್ದೆ, ಅವನು ಅರ್ಧ ಚಹಾ ಕುಡಿದು ಪೇಟೆಯ ಅಷ್ಟೂ ಸುದ್ದಿ ಹೇಳುತ್ತಿದ್ದ. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಎಮ್ಮೆ ಕರು ಹಾಕಿತು. ಹತ್ತು ರೂಪಾಯಿಗೆ ಅಷ್ಟು ಸುದ್ದಿ ಯಾವ ಪೇಪರಿನವನು ಕೊಟ್ಟಾನು? ಆದರೆ ನನ್ನ ಪಿಗ್ಮಿ ಎರಡನೇ ವರ್ಷ ಕಂಡದ್ದಿಲ್ಲ. ವರ್ಷ ತುಂಬಿದ ಕೂಡಲೇ ಮುರಿಸುತ್ತಿದ್ದೆ. ಒಮ್ಮೆ ಮಿಕ್ಸರ್ ಆಯಿತು, ಒಮ್ಮೆ ಹಂಚು, ಒಮ್ಮೆ ಹೆಂಡತಿ ಯಶೋದೆಯ ಕಿವಿಯ ಬೆಂಡೋಲೆ.

ಆಮೇಲೆ ಗಣಪತಿ ಅದೇನೋ ಪರೀಕ್ಷೆ ಕಟ್ಟಿ ಪಾಸಾಗಿ ಮ್ಯೂಚುವಲ್ ಫಂಡ್ ಏಜೆಂಟನಾದ. ನನಗೂ ಒಂದು ಮಾಡಿಸಿದ. ಈಗ ಪ್ರತಿ ತಿಂಗಳು ಐದನೇ ತಾರೀಕು ನನ್ನ ಖಾತೆಯಿಂದ ಸಾವಿರ ರೂಪಾಯಿ ತಾನಾಗಿಯೇ ಹೋಗುತ್ತದೆ. ಮೊಬೈಲು ಟಿಣ್ ಎನ್ನುತ್ತದೆ, ಅಷ್ಟೆ. ಅದು ಚಹಾ ಕುಡಿಯುವುದಿಲ್ಲ. ಎಮ್ಮೆ ಕರು ಹಾಕಿದ್ದನ್ನು ಹೇಳುವುದಿಲ್ಲ. "ಇವತ್ತು ವ್ಯಾಪಾರ ಇಲ್ಲ, ನಾಳೆ ಬಾ" ಎಂದರೆ ಕೇಳುವುದೂ ಇಲ್ಲ.

ಇದಕ್ಕೆ ನಾನು ಒಪ್ಪಿದ್ದು ಗಣಪತಿಯ ಮಾತಿಗಲ್ಲ. ನನ್ನ ಗುರು ವೆಂಕು ಮಾಸ್ತರರನ್ನು ನೆನೆದು. ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಕೋಟು ಹೊಲಿಸಲೆಂದೇ ಶಿರಸಿಯಿಂದ, ಯಲ್ಲಾಪುರದಿಂದ ಜನ ಬರುತ್ತಿದ್ದರು. ನಾನು ಗುಂಡಿಯ ತೂತಿಗೆ ಕಾಜಾ ಹಾಕುವುದು ಕಲಿತದ್ದು ಅವರ ಕಾಲ ಬುಡದಲ್ಲಿ ಕೂತು. ಕೈತುಂಬ ಗಳಿಸಿದರು, ಕೈತುಂಬ ಖರ್ಚು ಮಾಡಿದರು. ಒಂದು ದಿನ ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, ಚಹಾ ಮುಗಿಸಿ, ಕಡೆಗೆ ಕೇಳಿದರು: "ಗುಂಡಿ ಹಚ್ಚೋ ಕೆಲ್ಸ ಇದ್ರೆ ಕೊಡ್ತ್ಯನಾ ಮಂಜಾ? ಮನೇಲೇ ಕೂತು ಮಾಡ್ತಿದ್ದೆ." ಕೊಟ್ಟೆ. ಮರುದಿನ ತಂದರು. ಕಣ್ಣು ಸಾಲದೆ ಗುಂಡಿಗಳೆಲ್ಲ ಸೊಟ್ಟ. ನಾನು ಅವರ ಎದುರು ಹೊಗಳಿದೆ, ಅವರು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಹಚ್ಚಿದೆ. ಅವರು ತೀರಿಕೊಳ್ಳುವ ತನಕ ಹೀಗೇ ನಡೆಯಿತು. ಸೂಜಿಗೆ ದಾರ ಪೋಣಿಸಲಾಗದ ದಿನ ನನಗೂ ಬರುತ್ತದೆ. ಆವತ್ತು ನಾನು ಯಾರ ಅಂಗಡಿಯಲ್ಲೂ ಹೋಗಿ ಹಾಗೆ ಕೂರಬಾರದು. ಸಾವಿರ ರೂಪಾಯಿ ಹೋಗುವುದು ಅದಕ್ಕೆ.

ಏಳು ವರ್ಷ ಹೋಯಿತು. ಒಮ್ಮೆ ಕಟ್ಟಿದ್ದಕ್ಕಿಂತ ಕಡಿಮೆ ತೋರಿಸಿ ನನ್ನ ಊಟ ಬಿಡಿಸಿತ್ತು, ಆಮೇಲೆ ಚೇತರಿಸಿಕೊಂಡಿತು. ಮುಂದೆ ಎಷ್ಟಾಗುತ್ತದೆ ಎಂದು ಗಣಪತಿಯೂ ಆಣೆ ಹಾಕಿ ಹೇಳುವುದಿಲ್ಲ. ಅದಕ್ಕೂ ಒಗ್ಗಿಕೊಂಡೆ. ಒಗ್ಗದ ಒಂದು ಸಂಗತಿ ನಡೆದದ್ದು ಹೋದ ತಿಂಗಳು.

ಗಣಪತಿ ಒಂದು ಕಾಗದ ತಂದುಕೊಟ್ಟ. ನನ್ನ ದುಡ್ಡು ಯಾವ ಯಾವ ಕಂಪನಿಯಲ್ಲಿದೆ ಎಂಬ ಪಟ್ಟಿ, ಎಲ್ಲ ಇಂಗ್ಲಿಷಿನಲ್ಲಿ. ನನಗೆ ಬರುವ ಇಂಗ್ಲಿಷೆಲ್ಲ ಅಂಗಿಯ ಕಾಲರಿನ ಒಳಪಟ್ಟಿಯಲ್ಲಿ ಓದಿ ಕಲಿತದ್ದು. ಹಾಗಾಗಿ ಬ್ಯಾಂಕು, ಸಿಮೆಂಟು, ಔಷಧಿಗಳ ಹೆಸರು ಅಷ್ಟಾಗಿ ತಿಳಿಯಲಿಲ್ಲ. ಮೂವತ್ತೊಂದನೇ ಸಾಲು ಮಾತ್ರ ಕಣ್ಣಿಗೆ ಸೂಜಿಯ ಹಾಗೆ ಚುಚ್ಚಿತು. ಅದು ರೆಡಿಮೇಡ್ ಅಂಗಿ-ಪ್ಯಾಂಟಿನ ಕಂಪನಿ. ಹೆಸರು ಹೇಳುವುದಿಲ್ಲ. ಹೇಳಿದರೆ, ಈಗ ಇದನ್ನು ಓದುತ್ತಿರುವ ನಿಮ್ಮ ಮೈಮೇಲೆ ಇರುವುದೂ ಅದೇ ಆಗಿದ್ದೀತು.

ಇವರ ಮಾಲು ಪೇಟೆಗೆ ಬಂದ ಮೇಲೆ ನನ್ನ ಮೂರು ಮಷಿನು ಒಂದಕ್ಕೆ ಇಳಿದಿದೆ. ರೆಡಿಮೇಡ್ ಪ್ಯಾಂಟು ಗಿಡ್ಡ ಮಾಡಿಕೊಡಿ ಎಂದು ಬಂದವರನ್ನು ನಾನು "ಎಲ್ಲಿ ತಗೊಂಡ್ರೋ ಅಲ್ಲೇ ಮಾಡ್ಸ್ಕಳ್ಳಿ" ಎಂದು ವಾಪಸು ಕಳಿಸಿದವನು. ಅಂಥ ನಾನೇ ಏಳು ವರ್ಷ ಅವರಿಗೆ ದುಡ್ಡು ಕೊಟ್ಟಿದ್ದೇನೆ!

ನೇರ ಗಣಪತಿಯ ಮನೆಗೆ ಹೋದೆ. "ನಿಲ್ಸು. ನಾಳೆಯಿಂದ್ಲೇ ನಿಲ್ಸು."

"ಎಂತ ಆತೋ ಮಾರಾಯ?"

ಹೇಳಿದೆ. ಅವನು ನಗು ತಡೆದುಕೊಂಡು ಲೆಕ್ಕ ಹಾಕಿದ. "ನಿನ್ನ ಸಾವಿರದಲ್ಲಿ ಅವಂಗೆ ಹೋಗೋದು ಹತ್ತು ರೂಪಾಯಿ."

"ಒಂದು ರೂಪಾಯಿ ಆದ್ರೂ ನನ್ದಲ್ವನಾ?"

"ನಿಲ್ಸೋದು ಎರಡು ನಿಮಿಷದ ಕೆಲ್ಸ. ತಗ, ಫಾರಮ್ಮು. ಮನೆಗೆ ಹೋಗಿ ಸಮಾಧಾನದಲ್ಲಿ ಸಹಿ ಹಾಕು. ವೆಂಕು ಮಾಸ್ತರೂ ಹೀಗೇ ಸಿಟ್ಟು ಬಂದು ನನ್ನ ಹತ್ರ ಪಿಗ್ಮಿ ನಿಲ್ಸಿದ್ರು, ನೆನ್ಪದೆಯನಾ?" ಎಂದ. ಆ ಕಡೆಯ ಮಾತು ಅವನು ಹೇಳಬಾರದಿತ್ತು.

ಮನೆಯಲ್ಲಿ ಯಶೋದೆ ಅಕ್ಕಿ ಆರಿಸುತ್ತಿದ್ದಳು. ನಾನು ಫಾರಂ ಎದುರಿಗಿಟ್ಟು ನನ್ನ ಮಾನ, ನನ್ನ ಕಸುಬು ಎಂದು ಕಾಲು ಗಂಟೆ ಭಾಷಣ ಮಾಡಿದೆ. ಅವಳು ತಲೆ ಎತ್ತದೆ ಎಲ್ಲ ಕೇಳಿದಳು.

"ಅವ್ರು ಇಪ್ಪತ್ತು ವರ್ಷದಿಂದ ನಮ್ ಗಿರಾಕಿ ಕರ್ಕಂಡು ಹೋಗ್ತಾ ಇದ್ರು, ಅಲ್ದಾ?"

"ಹೌದು."

"ಈಗ ಅವ್ರು ದುಡಿದು ನಮ್ಗೆ ಒಂದು ಪಾಲು ಕೊಡ್ತಾರೆ ಅಂದ್ರೆ ನೀವು ಬ್ಯಾಡ ಅಂತ್ರಿ?"

ಅವಳು ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದು ಅಂದಳು: "ನಿಮ್ ಮಾನ ಈಗ ನೋಡ್ಕಣಾಕೆ ಕೈ ಅದೆ, ಕಣ್ಣು ಅದೆ. ಅವೆರಡೂ ಇಲ್ದಿದ್ದಾಗಿನ ಮಾನದ ಕತೆ ಎಂತದು?"

ಶಾಲೆ ಬಿಟ್ಟದ್ದಕ್ಕೆ ನಾನು ಯಾವತ್ತೂ ನಾಚಿದವನಲ್ಲ. ಆದರೆ ಯಶೋದೆ ನನಗಿಂತ ಎರಡು ಇಯತ್ತೆ ಹೆಚ್ಚು ಓದಿದ್ದಾಳೆ, ಕೆಲವು ಸಲ ಅದು ಗೊತ್ತಾಗುತ್ತದೆ. ಮಾನದಲ್ಲೂ ಇವತ್ತು ಖರ್ಚು ಮಾಡಿ ಮುಗಿಸುವಂಥದ್ದು ಒಂದು, ಕೊನೆಗಾಲಕ್ಕೆ ಇಟ್ಟುಕೊಳ್ಳುವಂಥದ್ದು ಇನ್ನೊಂದು ಎಂದು ನನಗೆ ಹೊಳೆದೇ ಇರಲಿಲ್ಲ. ಫಾರಮ್ಮಿನ ಹಿಂಬದಿ ಖಾಲಿಯಿತ್ತು, ಕಾಗದವೂ ದಪ್ಪನೆಯದು. ಮರುದಿನ ಅಂಗಡಿಯಲ್ಲಿ ಅದರ ಮೇಲೆ ಕಾಲರಿನ ಅಚ್ಚು ಬರೆದು ಕತ್ತರಿಸಿಕೊಂಡೆ. ಒಳ್ಳೆಯ ಅಚ್ಚಾಯಿತು.

ಮೊನ್ನೆ ಶಾಲೆಯ ಮಾಸ್ತರರೊಬ್ಬರು, ಚಿಕ್ಕಂದಿನಲ್ಲಿ ನನ್ನ ಹತ್ತಿರವೇ ಚಡ್ಡಿ ಹೊಲಿಸಿದವರು, ಚೀಲ ಬೆನ್ನ ಹಿಂದೆ ಅಡಗಿಸಿಕೊಂಡು ಅಂಗಡಿ ಮೆಟ್ಟಿಲ ಮೇಲೆ ನಿಂತರು. ಒಳಗಿದ್ದದ್ದು ರೆಡಿಮೇಡ್ ಪ್ಯಾಂಟು, ಮೂರಿಂಚು ಉದ್ದ. ಸೊಂಟದ ಪಟ್ಟಿ ನೋಡಿದೆ. ಅದೇ ಕಂಪನಿ.

"ಬೈಬೇಡಿ ಮಂಜಣ್ಣ. ಅವಸರಕ್ಕೆ ತಗೊಂಡುಬಿಟ್ಟೆ. ಎಲ್ಲೂ ಗಿಡ್ಡ ಮಾಡಿಕೊಡ್ಲಿಲ್ಲ."

"ಬೈಯೋದು ಎಂತಕ್ಕೆ? ಬನ್ನಿ, ನಿಂತ್ಕಳ್ಳಿ," ಎಂದು ಟೇಪು ತೆಗೆದುಕೊಂಡು ಅವರ ಕಾಲ ಬಳಿ ಕುಳಿತೆ. "ತಗೋಬೇಕು ಮಾಸ್ತರೇ. ಪಾಪ, ಅವ್ರೂ ಬದುಕ್ಬೇಕಲ್ಲ."

ಅವರು ಬಗ್ಗಿ ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದರು: "ಮೈಯಲ್ಲಿ ಹುಷಾರಿದ್ದೀರಲ್ಲ?"